ಆರೋಗ್ಯ ಪ್ರಶ್ನೋತ್ತರ: ಮೂತ್ರಪಿಂಡ, ಮೈಯ ನೀರು ಮತ್ತು ಬಸಿರು

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಮೂತ್ರಪಿಂಡದ ಕೆಲಸ ಮತ್ತು ದೇಹದ ನೀರಿನ ಬಗ್ಗೆ ಇದ್ದವು. ಉಳಿದವು ಬಸಿರು ಮತ್ತು ಸಂತಾನಕ್ಕೆ ಸಂಬಂಧಿಸಿದವು. ಇವೆರಡನ್ನೂ ಬೇರೆ ಬೇರೆ ಸಂಚಿಕೆಗಳಿಗೆ ಹಂಚುವ ಬದಲು ಒಟ್ಟಿಗೇ ತೆಗೆದುಕೊಂಡಿದ್ದೇನೆ. ಮೂತ್ರದ ವ್ಯವಸ್ಥೆಯೂ ಸಂತಾನೋತ್ಪತ್ತಿಯ ವ್ಯವಸ್ಥೆಯೂ ಭ್ರೂಣದಲ್ಲಿ ಒಂದೇ ಅಂಗಾಂಶದಿಂದ ಹುಟ್ಟುತ್ತವೆ ಮತ್ತು ಬಸಿರಿನಲ್ಲಿ ಮತ್ತೆ ಒಂದನ್ನೊಂದು ಬದಲಾಯಿಸುತ್ತವೆ. ಹಾಗಾಗಿ ಒಂದರ ಉತ್ತರ ಇನ್ನೊಂದನ್ನು ತಿಳಿಯಲು ನೆರವಾಗುತ್ತದೆ.

ಪ್ರಶ್ನೆ: ಮೂತ್ರಪಿಂಡಗಳು ದಿನಕ್ಕೆ 180 ಲೀಟರ್ ದ್ರವವನ್ನು ಸೋಸುತ್ತವೆ ಎಂದು ಮಗನ ಪಠ್ಯಪುಸ್ತಕದಲ್ಲಿದೆ. ದೇಹದಲ್ಲಿರುವ ಒಟ್ಟು ನೀರೇ ಅದಕ್ಕಿಂತ ಎಷ್ಟೋ ಕಡಿಮೆಯಲ್ಲವೇ? ಇದು ಮುದ್ರಣದೋಷವೇ?

ಉತ್ತರ: ಮುದ್ರಣದೋಷವಲ್ಲ, ಅಂಕಿ ಸರಿಯಾಗಿದೆ. 70 ಕಿಲೋ ತೂಕದ ಗಂಡಸಿನ ದೇಹದಲ್ಲಿ ಸುಮಾರು 42 ಲೀಟರ್ ನೀರಿರುತ್ತದೆ. ಅದರಲ್ಲಿ ಮೂರನೇ ಎರಡು ಭಾಗ ಜೀವಕೋಶಗಳ ಒಳಗಿದ್ದರೆ ಉಳಿದ 14 ಲೀಟರ್ ಕೋಶಗಳ ಹೊರಗಿರುತ್ತದೆ, ಮತ್ತು ಈ ಹೊರಗಿನ ಪಾಲಿನಲ್ಲಿ ಮೂರು ಲೀಟರಿನಷ್ಟು ಮಾತ್ರ ರಕ್ತದ ಪ್ಲಾಸ್ಮಾ ಆಗಿ ನಾಳಗಳಲ್ಲಿ ಹರಿಯುತ್ತದೆ. ಮೂತ್ರಪಿಂಡಗಳು ಸೋಸುವುದು ಈ ಮೂರು ಲೀಟರನ್ನೇ. ಆದರೆ ಒಂದು ಸಲವಲ್ಲ, ದಿನಕ್ಕೆ ಹೆಚ್ಚುಕಡಿಮೆ 60 ಸಲ. ಎರಡೂ ಸೇರಿ 300 ಗ್ರಾಂ ತೂಗುವ ಈ ಅಂಗಗಳಿಗೆ ಹೃದಯ ಹೊರಹಾಕುವ ರಕ್ತದ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಂದರೆ ನಿಮಿಷಕ್ಕೆ ಒಂದು ಲೀಟರಿಗೂ ಮೀರಿ ಹರಿದುಬರುತ್ತದೆ. ಅದರಿಂದ ನಿಮಿಷಕ್ಕೆ ಸುಮಾರು 125 ಮಿಲಿಲೀಟರ್ ದ್ರವ ಸೋಸಿ ನಳಿಕೆಗಳಿಗೆ ಇಳಿಯುತ್ತದೆ. ಇದನ್ನು ಇಡೀ ದಿನಕ್ಕೆ ಗುಣಿಸಿದರೆ 180 ಲೀಟರ್ ಆಗುತ್ತದೆ.

ಮೂತ್ರಪಿಂಡವನ್ನು ಜರಡಿ ಎಂದು ಕರೆಯುವುದು ರೂಢಿ. ಆ ಹೋಲಿಕೆ ಅರ್ಧ ಮಾತ್ರ ನಿಜವೆಂದು ನನ್ನ ಅಭಿಪ್ರಾಯ. ಜರಡಿ ಬೇಡವಾದದ್ದನ್ನು ಮಾತ್ರ ಬೇರ್ಪಡಿಸುತ್ತದೆ, ಆದರೆ ಮೂತ್ರಪಿಂಡ ರಕ್ತಕಣಗಳು ಮತ್ತು ಪ್ರೋಟೀನುಗಳನ್ನು ಬಿಟ್ಟು ಉಳಿದೆಲ್ಲವನ್ನೂ, ಗ್ಲೂಕೋಸು, ಲವಣ, ಅಮೈನೋ ಆಮ್ಲ, ಯೂರಿಯಾ ಎಲ್ಲವನ್ನೂ, ಮೊದಲು ಹೊರಗೆ ಸುರಿದುಬಿಡುತ್ತದೆ. ಆಮೇಲೆ ಬೇಕಾದದ್ದನ್ನು ಹುಡುಕಿ ಹುಡುಕಿ ವಾಪಸ್ ತೆಗೆದುಕೊಳ್ಳುತ್ತದೆ. ಇದನ್ನು ಕಣ್ಣಾರೆ ತೋರಿಸಿಕೊಟ್ಟದ್ದು ಕಪ್ಪೆಯ ಮೂತ್ರಪಿಂಡ. 1924ರಲ್ಲಿ ಅಮೆರಿಕದ ಆಲ್ಫ್ರೆಡ್ ನ್ಯೂಟನ್ ರಿಚರ್ಡ್ಸ್ ಮತ್ತು ಜೋಸೆಫ್ ವೆರ್ನ್ ಕೂದಲೆಳೆಯಂಥ ಗಾಜಿನ ಪಿಪೆಟ್ಟನ್ನು ನೆಫ್ರಾನಿನ, ಅಂದರೆ ಮೂತ್ರಪಿಂಡದ ಸೋಸುವ ಸೂಕ್ಷ್ಮ ಘಟಕದ, ಆರಂಭದ ಬಟ್ಟಲಿಗೆ ಚುಚ್ಚಿ ದ್ರವವನ್ನು ಹೊರತೆಗೆದು ಪರೀಕ್ಷಿಸಿದರು. ಅದರಲ್ಲಿ ಸಕ್ಕರೆ ಇತ್ತು. ಅದೇ ಕಪ್ಪೆಯ ಮೂತ್ರಕೋಶದ ಮೂತ್ರದಲ್ಲಿ ಸಕ್ಕರೆ ಇರಲಿಲ್ಲ. ನಡುವಿನ ದಾರಿಯಲ್ಲಿ ಅದು ವಾಪಸ್ ಹೋಗಿತ್ತು.

ಸೋಸಿದ ನೀರು ಮತ್ತು ಸೋಡಿಯಂನ ಮೂರನೇ ಎರಡು ಭಾಗವನ್ನು ನಳಿಕೆಯ ಮೊದಲ ಭಾಗವೇ ಹೀರಿಕೊಳ್ಳುತ್ತದೆ. ಆರೋಗ್ಯವಂತರಲ್ಲಿ ಗ್ಲೂಕೋಸ್ ಪೂರ್ತಿಯಾಗಿ ಅಲ್ಲೇ ಮರಳುತ್ತದೆ. ಉಳಿದದ್ದರಲ್ಲಿ ಬಹುಪಾಲು ನಳಿಕೆಯ ಬಾಗಿದ ಭಾಗವಾದ ಹೆನ್ಲೆಯ ಕುಣಿಕೆಯಲ್ಲೂ ಅದರ ಮುಂದಿನ ನಾಳಗಳಲ್ಲೂ ವಾಪಸಾಗಿ, ಕೊನೆಗೆ ಶೇ. 1ಕ್ಕಿಂತ ಕಡಿಮೆ ಪಾಲು, ಅಂದರೆ ಒಂದೂವರೆ ಲೀಟರಿನಷ್ಟು, ಮೂತ್ರವಾಗಿ ಹೊರಬೀಳುತ್ತದೆ. ಈ ಮರುಹೀರಿಕೆಗೆ ಶಕ್ತಿ ಬೇಕು. ದೇಹತೂಕದ ಶೇ. 0.5 ಕೂಡ ಇಲ್ಲದ ಮೂತ್ರಪಿಂಡಗಳು ವಿಶ್ರಾಂತಿಯಲ್ಲಿರುವ ದೇಹ ಬಳಸುವ ಆಮ್ಲಜನಕದ ಶೇ. 7ರಿಂದ 10ರಷ್ಟನ್ನು ಬಳಸುವುದು ಮುಖ್ಯವಾಗಿ ಸೋಡಿಯಂ ಅನ್ನು ವಾಪಸ್ ಪಂಪು ಮಾಡುವುದಕ್ಕಾಗಿಯೇ. ಇಷ್ಟು ದುಬಾರಿ ವಿಧಾನ ಯಾಕೆ ಬೇಕಿತ್ತು ಎಂದು ಮಗ ಕೇಳಿದರೆ ಹೀಗೆ ಹೇಳಬಹುದು: ಬೇಡವಾದ ಪ್ರತಿಯೊಂದು ವಸ್ತುವನ್ನೂ ಗುರುತಿಸಿ ಹೊರಹಾಕಬೇಕಾದರೆ, ದೇಹ ಹಿಂದೆಂದೂ ಕಾಣದ ವಸ್ತುವಿಗೂ ಒಂದು ಬಾಗಿಲನ್ನು ಮೊದಲೇ ಕಟ್ಟಿಟ್ಟಿರಬೇಕಾಗುತ್ತಿತ್ತು. ಎಲ್ಲವನ್ನೂ ಸುರಿದು ಪರಿಚಿತವಾದದ್ದನ್ನು ಮಾತ್ರ ಮರಳಿ ಪಡೆದರೆ ಅಪರಿಚಿತವಾದದ್ದು ತಾನಾಗಿಯೇ ಹೊರಗುಳಿಯುತ್ತದೆ. ಜೊತೆಗೆ, ಅಷ್ಟು ದೊಡ್ಡ ಹರಿವಿನಲ್ಲಿ ಮರುಹೀರಿಕೆಯನ್ನು ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡಿದರೂ ಸಾಕು, ದೇಹದ ನೀರನ್ನು ಕೆಲವೇ ಗಂಟೆಗಳಲ್ಲಿ ಸರಿಪಡಿಸಬಹುದು.

ಪ್ರಶ್ನೆ: ಬರಿ ನೀರು ಕುಡಿದರೆ ಒಂದು ಗಂಟೆಯಲ್ಲಿ ಮೂತ್ರಕ್ಕೆ ಹೋಗಬೇಕಾಗುತ್ತದೆ. ಉಪ್ಪು ಹೆಚ್ಚಾದ ಊಟ ಮಾಡಿ ಅಷ್ಟೇ ನೀರು ಕುಡಿದರೆ ಹಾಗಾಗುವುದಿಲ್ಲ, ಮರುದಿನ ಕಾಲು ಭಾರವಾಗಿರುತ್ತದೆ. ನೀರು ಎರಡೂ ಕಡೆ ಒಂದೇ ಅಲ್ಲವೇ?

ಉತ್ತರ: ನೀರು ಒಂದೇ, ಆದರೆ ದೇಹ ಅದನ್ನು ಎರಡು ಬೇರೆ ಲೆಕ್ಕಗಳಲ್ಲಿ ನೋಡುತ್ತದೆ. ಮೊದಲನೆಯದು ಸಾಂದ್ರತೆಯ ಲೆಕ್ಕ, ಅಂದರೆ ರಕ್ತದಲ್ಲಿ ನೀರಿಗೆ ಹೋಲಿಸಿದರೆ ಲವಣ ಎಷ್ಟಿದೆ ಎನ್ನುವುದು. ಎರಡನೆಯದು ಪ್ರಮಾಣದ ಲೆಕ್ಕ, ಅಂದರೆ ನಾಳಗಳು ಎಷ್ಟು ತುಂಬಿವೆ ಎನ್ನುವುದು. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಹೆಚ್ಚಿನ ಗೊಂದಲ ಹುಟ್ಟುತ್ತದೆ.

ಸಾಂದ್ರತೆಯನ್ನು ಅಳೆಯುವುದು ಮೆದುಳಿನ ಹೈಪೋಥಲಾಮಸ್. ಪ್ಲಾಸ್ಮಾದ ಸಾಂದ್ರತೆ ಕಿಲೋಗೆ 285ರಿಂದ 295 ಮಿಲಿಆಸ್ಮೋಲ್ (ನೀರಿನಲ್ಲಿ ಕರಗಿದ ಕಣಗಳನ್ನು ಲೆಕ್ಕಹಾಕುವ ಮಾನ) ನಡುವೆ ಇರುತ್ತದೆ. ಅದು ಶೇ. 1ರಿಂದ 2ರಷ್ಟು ಏರಿದರೂ ಸಾಕು, ಬಾಯಾರಿಕೆ ಹುಟ್ಟುತ್ತದೆ ಮತ್ತು ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ವಾಸೋಪ್ರೆಸಿನ್ ಎಂಬ ಹಾರ್ಮೋನು ರಕ್ತಕ್ಕೆ ಬರುತ್ತದೆ. ಈ ಹಾರ್ಮೋನು ಮೂತ್ರಪಿಂಡದ ಕೊನೆಯ ನಾಳಗಳ ಗೋಡೆಯಲ್ಲಿ ನೀರು ಮಾತ್ರ ಹಾಯುವ ಸೂಕ್ಷ್ಮ ಕಾಲುವೆಗಳನ್ನು ತಂದು ಕೂರಿಸುತ್ತದೆ. ಅಕ್ವಾಪೋರಿನ್ ಎಂಬ ಈ ಕಾಲುವೆಗಳನ್ನು ಗುರುತಿಸಿದ ಪೀಟರ್ ಆಗ್ರೆ ಅವರಿಗೆ 2003ರ ರಸಾಯನಶಾಸ್ತ್ರದ ನೊಬೆಲ್ ದೊರೆಯಿತು. ಕಾಲುವೆ ತೆರೆದಾಗ ನೀರು ರಕ್ತಕ್ಕೆ ಮರಳಿ ಮೂತ್ರ ಗಟ್ಟಿಯಾಗುತ್ತದೆ, ಕಾಲುವೆ ಇಲ್ಲದಾಗ ನೀರು ಹಾಗೆಯೇ ಹರಿದುಹೋಗಿ ಮೂತ್ರ ತೆಳುವಾಗುತ್ತದೆ. ಬರಿ ನೀರು ಕುಡಿದಾಗ ರಕ್ತ ಸ್ವಲ್ಪ ತೆಳುವಾಗಿ ವಾಸೋಪ್ರೆಸಿನ್ ನಿಂತುಬಿಡುವುದರಿಂದ ಗಂಟೆಯೊಳಗೆ ಹೆಚ್ಚಿನ ನೀರು ಹೊರಹೋಗತೊಡಗುತ್ತದೆ. ಮದ್ಯ ಕುಡಿದವರು ಪದೇ ಪದೇ ಮೂತ್ರಕ್ಕೆ ಎದ್ದು ಹೋಗುವುದಕ್ಕೂ ಇದೇ ಕಾರಣ. ಮದ್ಯಸಾರವೂ ಈ ಹಾರ್ಮೋನನ್ನು ತಡೆಯುತ್ತದೆ.

ಪ್ರಮಾಣದ ಲೆಕ್ಕ ಉಪ್ಪಿನದು. ಸೋಡಿಯಂ ಬಹುತೇಕ ಕೋಶಗಳ ಹೊರಗೇ ಉಳಿಯುವ ಲವಣವಾದ್ದರಿಂದ, ದೇಹದಲ್ಲಿ ಅದು ಎಷ್ಟಿದೆಯೋ ಅದಕ್ಕೆ ತಕ್ಕಷ್ಟು ನೀರು ಕೋಶಗಳ ಹೊರಗೆ ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ಸಾಮಾನ್ಯ ಸಲೈನಿನಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುವುದನ್ನು ನೆನೆದರೆ, ಹೆಚ್ಚುವರಿಯಾಗಿ ಉಳಿದುಕೊಂಡ 9 ಗ್ರಾಂ ಉಪ್ಪು ಒಂದು ಲೀಟರ್ ನೀರನ್ನು ತನ್ನೊಡನೆ ಹಿಡಿದಿಡುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಉಪ್ಪು ಮತ್ತು ನೀರು ಸರಿಪ್ರಮಾಣದಲ್ಲಿ ಒಳಹೊಕ್ಕಾಗ ರಕ್ತದ ಸಾಂದ್ರತೆ ಬದಲಾಗುವುದಿಲ್ಲ, ಹಾಗಾಗಿ ಹೈಪೋಥಲಾಮಸ್ ಸುಮ್ಮನಿರುತ್ತದೆ. ಹೆಚ್ಚಿನ ಉಪ್ಪನ್ನು ಹೊರಹಾಕುವ ಕೆಲಸ ಹೃದಯದ ಮೇಲ್ಕೋಣೆಗಳಿಂದ ಬರುವ ಹಾರ್ಮೋನಿಗೂ, ಉಪ್ಪನ್ನು ಉಳಿಸಿಕೊಳ್ಳುವಂತೆ ಮಾಡುವ ರೆನಿನ್ ಮತ್ತು ಆಲ್ಡೋಸ್ಟಿರೋನ್‌ಗಳ ಇಳಿಕೆಗೂ ಬೀಳುತ್ತದೆ. ಇದು ಗಂಟೆಗಳಲ್ಲಿ ಅಲ್ಲ, ಒಂದೆರಡು ದಿನಗಳಲ್ಲಿ ಮುಗಿಯುವ ಕೆಲಸ. ನಿಮ್ಮ ಕಾಲಿನ ಭಾರ ಆ ನಡುವಿನ ಹೊತ್ತಿನದು. ಆದರೆ ಬೆರಳಿನಿಂದ ಒತ್ತಿದಾಗ ಗುಳಿ ಬೀಳುವಷ್ಟು ಊತ ದಿನಗಟ್ಟಲೆ ಉಳಿದರೆ ಅದನ್ನು ಊಟದ ಉಪ್ಪಿನ ತಲೆಗೆ ಕಟ್ಟದೆ ವೈದ್ಯರಿಗೆ ತೋರಿಸಿ. ದೇಹದಲ್ಲಿ ಎರಡು ಮೂರು ಲೀಟರ್ ನೀರು ಹೆಚ್ಚಾದ ಮೇಲೆಯೇ ಅಂಥ ಊತ ಕಣ್ಣಿಗೆ ಬೀಳುವುದು.

ಪ್ರಶ್ನೆ: ಹಾಗಾದರೆ ದಿನಕ್ಕೆ ಎಂಟು ಲೋಟ ನೀರು ಎಂಬ ನಿಯಮ ಸರಿಯೇ?

ಉತ್ತರ: ಎಲ್ಲರಿಗೂ ಒಂದೇ ಅಳತೆ ಎಂಬ ನಿಯಮಕ್ಕೆ ಶರೀರಶಾಸ್ತ್ರದಲ್ಲಿ ಆಧಾರವಿಲ್ಲ. ದಿನವೊಂದಕ್ಕೆ ಹೊರಹಾಕಬೇಕಾದ ಸುಮಾರು 600 ಮಿಲಿಆಸ್ಮೋಲ್ ತ್ಯಾಜ್ಯವನ್ನು ಮೂತ್ರಪಿಂಡ ತನ್ನ ಗರಿಷ್ಠ ಸಾಮರ್ಥ್ಯವಾದ 1200ರ ಸಾಂದ್ರತೆಯಲ್ಲಿ ಕಳಿಸಿದರೆ ಅರ್ಧ ಲೀಟರ್ ಮೂತ್ರ ಸಾಕು. ಚರ್ಮ ಮತ್ತು ಉಸಿರಿನ ಮೂಲಕ ಅರಿವಿಲ್ಲದೆ ಹೋಗುವ ಸುಮಾರು 800 ಮಿಲಿಲೀಟರ್ ಇದಕ್ಕೆ ಸೇರಬೇಕು. ಈ ಒಟ್ಟು ನಷ್ಟದಲ್ಲಿ ಒಂದಷ್ಟನ್ನು ಊಟದಲ್ಲಿರುವ ನೀರೂ, ಆಹಾರ ದಹನವಾಗುವಾಗ ದೇಹದೊಳಗೇ ಹುಟ್ಟುವ 300 ಮಿಲಿಲೀಟರ್ ನೀರೂ ತುಂಬಿಕೊಡುತ್ತವೆ. ಉಳಿದದ್ದು ಬೆವರು, ಬಿಸಿಲು ಮತ್ತು ಶ್ರಮಕ್ಕೆ ತಕ್ಕಂತೆ ಬದಲಾಗುತ್ತದೆ. ಆರೋಗ್ಯವಂತ ವಯಸ್ಕರಿಗೆ ಬಾಯಾರಿಕೆಗಿಂತ ಒಳ್ಳೆಯ ಅಳತೆಗೋಲಿಲ್ಲ. ವೃದ್ಧರಲ್ಲಿ ಬಾಯಾರಿಕೆ ಮಂದವಾಗುವುದರಿಂದ ಅವರಿಗೆ ನೆನಪಿಸಿ ಕುಡಿಸಬೇಕು, ಮೂತ್ರಪಿಂಡದ ಕಲ್ಲು ಆದವರು ದಿನಕ್ಕೆ ಎರಡು ಲೀಟರಿಗೂ ಹೆಚ್ಚು ಮೂತ್ರ ಬರುವಷ್ಟು ಕುಡಿಯಬೇಕು, ಹೃದಯ ಅಥವಾ ಮೂತ್ರಪಿಂಡ ದುರ್ಬಲವಾದವರು ವೈದ್ಯರು ಹೇಳಿದ ಮಿತಿಯೊಳಗಿರಬೇಕು.

ಅತಿಯಾದ ನೀರೂ ಅಪಾಯವೇ. ಮೂತ್ರಪಿಂಡ ಹೊರಹಾಕಬಲ್ಲ ನೀರಿಗೂ ಗಂಟೆಗೆ ಹೆಚ್ಚೆಂದರೆ ಒಂದು ಲೀಟರಿನ ಆಸುಪಾಸಿನ ಮಿತಿಯಿದೆ, ಓಟದ ದಣಿವಿನಲ್ಲಿ ವಾಸೋಪ್ರೆಸಿನ್ ಹೆಚ್ಚಿರುವಾಗ ಆ ಮಿತಿ ಇನ್ನೂ ಕುಗ್ಗುತ್ತದೆ. 2002ರ ಬಾಸ್ಟನ್ ಮ್ಯಾರಥಾನಿನ ಕೊನೆಯಲ್ಲಿ ಪರೀಕ್ಷೆಗೆ ರಕ್ತದ ಮಾದರಿ ಕೊಟ್ಟ 488 ಓಟಗಾರರಲ್ಲಿ ಶೇ. 13 ಮಂದಿಗೆ ಸೋಡಿಯಂ ಇರಬೇಕಾದ ಮಟ್ಟಕ್ಕಿಂತ ಕೆಳಗಿಳಿದಿತ್ತು. ಓಡುತ್ತ ತೂಕ ಕಳೆದುಕೊಂಡವರಿಗಿಂತ, ಕುಡಿದು ಕುಡಿದು ತೂಕ ಹೆಚ್ಚಿಸಿಕೊಂಡವರಲ್ಲೇ ಈ ತೊಂದರೆ ಮುಖ್ಯವಾಗಿ ಕಂಡಿತು.

ಪ್ರಶ್ನೆ: ಹಡಗು ಒಡೆದು ಸಮುದ್ರದಲ್ಲಿ ಸಿಕ್ಕಿಕೊಂಡವರು ಸ್ವಲ್ಪ ಸ್ವಲ್ಪವಾಗಿ ಸಮುದ್ರದ ನೀರು ಕುಡಿದು ಬದುಕಬಹುದೇ?

ಉತ್ತರ: ಸಾಧ್ಯವಿಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. ಅಷ್ಟು ಲವಣವನ್ನು ಹೊರಹಾಕಲು ಮನುಷ್ಯನ ಮೂತ್ರಪಿಂಡಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಬೇಕಾಗುವುದರಿಂದ, ಕುಡಿದಷ್ಟೂ ದೇಹ ಒಣಗುತ್ತದೆ. ಸ್ವಲ್ಪ ಸ್ವಲ್ಪವಾಗಿ ಕುಡಿದರೂ ಲೆಕ್ಕ ಬದಲಾಗುವುದಿಲ್ಲ.

ಪ್ರಶ್ನೆ: ಗಂಡಸರಲ್ಲಿ ಮೂತ್ರವೂ ವೀರ್ಯವೂ ಒಂದೇ ನಾಳದಿಂದ ಹೊರಬರುತ್ತವೆ. ಮೂತ್ರ ಬೆರೆತು ವೀರ್ಯಾಣುಗಳು ಸಾಯುವುದಿಲ್ಲವೇ? ಕೇಳಲು ಸಂಕೋಚವಾಗುತ್ತದೆ, ಆದರೆ ಮದುವೆಯಾಗಿ ಕೆಲವು ವರ್ಷಗಳಾದರೂ ಮಕ್ಕಳಾಗಿಲ್ಲ.

ಉತ್ತರ: ಸಂಕೋಚಪಡಬೇಕಾದ ಪ್ರಶ್ನೆಯಲ್ಲ. ವೀರ್ಯಸ್ಖಲನದ ಹೊತ್ತಿನಲ್ಲಿ ಮೂತ್ರಕೋಶದ ಕತ್ತಿನ ಸ್ನಾಯು ನರಗಳ ಆಜ್ಞೆಯಂತೆ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಮೂತ್ರ ಕೆಳಗಿಳಿಯುವುದಿಲ್ಲ, ವೀರ್ಯ ಮೇಲಕ್ಕೆ ಹೋಗುವುದಿಲ್ಲ. ನಾಳದಲ್ಲಿ ಉಳಿದಿರಬಹುದಾದ ಮೂತ್ರದ ಹುಳಿಯನ್ನು, ಸ್ಖಲನಕ್ಕೆ ಮೊದಲು ಸಣ್ಣ ಗ್ರಂಥಿಗಳಿಂದ ಒಸರುವ ಕ್ಷಾರೀಯ ದ್ರವ ಶಮನಗೊಳಿಸುತ್ತದೆ. ದೀರ್ಘಕಾಲದ ಮಧುಮೇಹದಲ್ಲಿ ನರಗಳು ಕೆಟ್ಟಾಗ, ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆಯ ನಂತರ, ಅಥವಾ ಪ್ರಾಸ್ಟೇಟಿಗಾಗಿ ಕೊಡುವ ಟ್ಯಾಮ್ಸುಲೋಸಿನ್‌ನಂಥ ಮಾತ್ರೆಗಳಿಂದ ಈ ಕತ್ತು ಸರಿಯಾಗಿ ಮುಚ್ಚದೆ ವೀರ್ಯ ಹಿಮ್ಮುಖವಾಗಿ ಮೂತ್ರಕೋಶಕ್ಕೆ ಹೋಗಬಹುದು. ಆಗ ಹೊರಬರುವ ವೀರ್ಯ ತೀರ ಕಡಿಮೆಯಾಗಿ, ಬಳಿಕದ ಮೂತ್ರ ಮಸುಕಾಗಿರುತ್ತದೆ. ನಿಮ್ಮಲ್ಲಿ ಹಾಗಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಮೂತ್ರದಿಂದಲೇ ವೀರ್ಯಾಣುಗಳನ್ನು ಬೇರ್ಪಡಿಸಿ ಬಳಸುವ ವಿಧಾನಗಳಿವೆ. ಹಾಗಿಲ್ಲದಿದ್ದರೆ ಮಕ್ಕಳಾಗದಿರುವುದಕ್ಕೆ ಮೂತ್ರ ಕಾರಣವಲ್ಲ, ದಂಪತಿಗಳಿಬ್ಬರೂ ಒಟ್ಟಿಗೆ ತಪಾಸಣೆ ಮಾಡಿಸಿಕೊಳ್ಳುವುದು ಸರಿಯಾದ ದಾರಿ.

ಇಲ್ಲಿ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ವೃಷಣದಲ್ಲಿ ಹುಟ್ಟುವ ವೀರ್ಯಾಣುಗಳು ಬಹಳಷ್ಟು ದ್ರವದಲ್ಲಿ ತೇಲಿಕೊಂಡು ಹೊರಬರುತ್ತವೆ. ವೃಷಣವನ್ನು, ವೀರ್ಯಾಣುಗಳು ಬಲಿಯುವ ಸುರುಳಿ ನಾಳವಾದ ಎಪಿಡಿಡಿಮಿಸ್‌ಗೆ ಜೋಡಿಸುವ ಸಣ್ಣ ನಾಳಗಳು ಆ ದ್ರವದ ಶೇ. 90ರಷ್ಟನ್ನು ಹೀರಿ ವೀರ್ಯಾಣುಗಳನ್ನು ದಟ್ಟಗೊಳಿಸುತ್ತವೆ. ಮೂತ್ರಪಿಂಡದ ನಳಿಕೆಗಳು ಮಾಡುವ ಕೆಲಸವನ್ನೇ ಇವು ಮಾಡುತ್ತಿರುವುದು ಆಕಸ್ಮಿಕವಲ್ಲ. ಭ್ರೂಣದಲ್ಲಿ ಮೊದಲು ಹುಟ್ಟಿ ಕೆಲವು ವಾರ ಕೆಲಸ ಮಾಡಿ ಮರೆಯಾಗುವ ತಾತ್ಕಾಲಿಕ ಮೂತ್ರಪಿಂಡವೊಂದಿದೆ. ಗಂಡುಮಗುವಿನಲ್ಲಿ ಅದರ ನಳಿಕೆಗಳೇ ಈ ಸಣ್ಣ ನಾಳಗಳಾಗಿ ಉಳಿದುಕೊಳ್ಳುತ್ತವೆ, ಅದರ ಮುಖ್ಯ ನಾಳ ಎಪಿಡಿಡಿಮಿಸ್ ಮತ್ತು ವೀರ್ಯನಾಳವಾಗುತ್ತದೆ. ಇನ್ನೂ ವಿಚಿತ್ರವೆಂದರೆ, ಈ ಹೀರುವಿಕೆಗೆ ನಾವು ಹೆಣ್ಣಿನ ಹಾರ್ಮೋನು ಎಂದು ಕರೆಯುವ ಈಸ್ಟ್ರೋಜೆನ್ ಬೇಕು. ಕೋಶಗಳಲ್ಲಿ ಈಸ್ಟ್ರೋಜೆನ್ನನ್ನು ಗುರುತಿಸುವ ಗ್ರಾಹಿಯಿಲ್ಲದ ಗಂಡು ಇಲಿಗಳಲ್ಲಿ ದ್ರವ ಹೀರಲ್ಪಡದೆ, ವೃಷಣದಲ್ಲೇ ಒತ್ತಡ ಬೆಳೆದು, ಅವು ಬಂಜೆಯಾಗುವುದನ್ನು 1997ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು.

ಪ್ರಶ್ನೆ: ಮಗಳಿಗೆ ಹುಟ್ಟಿನಿಂದ ಒಂದೇ ಮೂತ್ರಪಿಂಡ. ಈಗ ಮುಟ್ಟಿನ ಸಮಯದಲ್ಲಿ ಒಂದು ಪಕ್ಕದಲ್ಲಿ ತೀವ್ರ ನೋವು ಬರುತ್ತಿದೆ. ವೈದ್ಯರು ಗರ್ಭಕೋಶದ ಸ್ಕ್ಯಾನ್ ಬರೆದುಕೊಟ್ಟರು. ಮೂತ್ರಪಿಂಡಕ್ಕೂ ಗರ್ಭಕೋಶಕ್ಕೂ ಏನು ಸಂಬಂಧ?

ಉತ್ತರ: ಮೇಲಿನ ಉತ್ತರದಲ್ಲಿ ಹೇಳಿದ ಆ ತಾತ್ಕಾಲಿಕ ಮೂತ್ರಪಿಂಡದ ನಾಳದಿಂದಲೇ ಶಾಶ್ವತ ಮೂತ್ರಪಿಂಡವನ್ನು ಹುಟ್ಟುಹಾಕುವ ಮೊಗ್ಗು ಒಡೆಯುತ್ತದೆ. ಗರ್ಭಕೋಶ ಮತ್ತು ಅಂಡನಾಳಗಳಾಗಬೇಕಾದ ಇನ್ನೊಂದು ನಾಳ ಅದನ್ನೇ ಆಸರೆಯಾಗಿಟ್ಟುಕೊಂಡು ಕೆಳಕ್ಕೆ ಬೆಳೆಯುತ್ತದೆ. ಒಂದು ಬದಿಯಲ್ಲಿ ಮೊದಲ ನಾಳವೇ ಕೆಟ್ಟರೆ ಆ ಬದಿಯ ಮೂತ್ರಪಿಂಡವೂ ಹುಟ್ಟುವುದಿಲ್ಲ, ಗರ್ಭಕೋಶದ ಆ ಅರ್ಧವೂ ಸರಿಯಾಗಿ ರೂಪುಗೊಳ್ಳದಿರಬಹುದು. ಕೆಲವರಲ್ಲಿ ಗರ್ಭಕೋಶ ಎರಡಾಗಿದ್ದು ಒಂದರ ದಾರಿ ಮುಚ್ಚಿರುತ್ತದೆ, ಮುಟ್ಟಿನ ರಕ್ತ ಅಲ್ಲೇ ಕಟ್ಟಿಕೊಂಡು ನೋವು ಕೊಡುತ್ತದೆ. ಅಂಡಾಶಯಗಳ ಮೂಲ ಬೇರೆಯಾದ್ದರಿಂದ ಅವು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಸ್ಕ್ಯಾನನ್ನು ಮುಂದೂಡಬೇಡಿ. ದಾರಿ ಮುಚ್ಚಿರುವುದು ಗೊತ್ತಾದರೆ ಸಣ್ಣ ಶಸ್ತ್ರಚಿಕಿತ್ಸೆಯಿಂದ ಅದನ್ನು ತೆರೆಯಬಹುದು, ತಡಮಾಡಿದರೆ ಮುಂದೆ ಬಸಿರಾಗುವುದಕ್ಕೆ ತೊಡಕಾಗಬಹುದು.

ಪ್ರಶ್ನೆ: ಮನೆಯಲ್ಲಿ ಗರ್ಭಪರೀಕ್ಷೆ ಮಾಡಿಕೊಳ್ಳುವಾಗ ಬೆಳಗಿನ ಮೊದಲ ಮೂತ್ರವನ್ನೇ ಬಳಸಬೇಕು ಎನ್ನುವುದೇಕೆ?

ಉತ್ತರ: ರಾತ್ರಿಯೆಲ್ಲ ನೀರು ಕುಡಿಯದೆ, ವಾಸೋಪ್ರೆಸಿನ್ ಕೆಲಸ ಮಾಡುತ್ತಿರುವುದರಿಂದ ಆ ಮೂತ್ರ ಗಟ್ಟಿಯಾಗಿರುತ್ತದೆ. ಬಸಿರಿನ ಮೊದಲ ದಿನಗಳಲ್ಲಿ ಪರೀಕ್ಷೆ ಹುಡುಕುವ ಎಚ್‌ಸಿಜಿ ಎಂಬ ಬಸಿರಿನ ಹಾರ್ಮೋನು ಅತ್ಯಲ್ಪವಾಗಿರುವಾಗ ಪರೀಕ್ಷೆಗೆ ಸಿಗುವಷ್ಟು ದಟ್ಟವಾಗಿ ಇರುವುದು ಅದರಲ್ಲೇ. ಮುಟ್ಟು ತಪ್ಪಿ ವಾರವಾದ ಮೇಲಾದರೆ ಯಾವ ಹೊತ್ತಿನ ಮೂತ್ರವಾದರೂ ಸಾಮಾನ್ಯವಾಗಿ ನಡೆಯುತ್ತದೆ. 1928ರ ಸುಮಾರಿಗೆ ಆಶ್‌ಹೈಮ್ ಮತ್ತು ಝೋಂಡೆಕ್ ಎಂಬ ಜರ್ಮನ್ ವಿಜ್ಞಾನಿಗಳು ಇದೇ ಹಾರ್ಮೋನನ್ನು ಪತ್ತೆಹಚ್ಚಲು ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನ ಕಾದು, ಅವುಗಳ ಅಂಡಾಶಯವನ್ನು ನೋಡಬೇಕಾಗಿತ್ತು.

ಪ್ರಶ್ನೆ: ನಾನು ಐದು ತಿಂಗಳ ಬಸುರಿ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.0 ಬಂದಿದೆ. ವರದಿಯಲ್ಲಿ ಅಚ್ಚಾದ ಮಿತಿಯೊಳಗೇ ಇದ್ದರೂ ವೈದ್ಯೆ ಮತ್ತೆ ಪರೀಕ್ಷಿಸಲು ಹೇಳಿದ್ದಾರೆ. ಹಿಮೋಗ್ಲೋಬಿನ್ ಇಳಿದಿದೆ, ಆದರೆ ಅದಕ್ಕೆ ಅವರು ಹೆಚ್ಚು ಗಾಬರಿಯಾಗಲಿಲ್ಲ. ಇದು ತಿರುವುಮುರುವಾಗಿ ಕಾಣುತ್ತದೆ.

ಉತ್ತರ: ನಿಮ್ಮ ವೈದ್ಯೆ ಸರಿಯಾಗಿಯೇ ಯೋಚಿಸಿದ್ದಾರೆ. ವರದಿಯ ಪಕ್ಕದಲ್ಲಿ ಅಚ್ಚಾಗಿರುವ ಮಿತಿ ಬಸುರಿಯಲ್ಲದವರದು. ಬಸಿರಿನಲ್ಲಿ ದೇಹದ ಎರಡು ಲೆಕ್ಕಗಳೂ, ಸಾಂದ್ರತೆಯದೂ ಪ್ರಮಾಣದ್ದೂ, ಹೊಸ ಮಟ್ಟಕ್ಕೆ ಹೊಂದಿಕೊಳ್ಳುತ್ತವೆ.

ಮೊದಲ ವಾರಗಳಲ್ಲೇ ರಕ್ತನಾಳಗಳು ಸಡಿಲಗೊಳ್ಳುತ್ತವೆ. ಇದರಲ್ಲಿ ಅಂಡಾಶಯದಿಂದ ಬರುವ ರಿಲಾಕ್ಸಿನ್ ಹಾರ್ಮೋನಿನ ಪಾತ್ರವಿದೆ. ನಾಳಗಳು ಹಿಗ್ಗಿದಾಗ ಅವುಗಳಲ್ಲಿರುವ ರಕ್ತ ಸಾಲದೆನಿಸಿ, ದೇಹ ರೆನಿನ್ ಮತ್ತು ಆಲ್ಡೋಸ್ಟಿರೋನ್‌ಗಳನ್ನು ಏರಿಸಿ ಉಪ್ಪನ್ನು ಉಳಿಸಿಕೊಳ್ಳಲು ತೊಡಗುತ್ತದೆ. ಹೆರಿಗೆಯ ಹೊತ್ತಿಗೆ ತಾಯಿ ಮತ್ತು ಮಗು ಎಲ್ಲ ಸೇರಿ ಆರರಿಂದ ಎಂಟು ಲೀಟರ್ ನೀರು ಹೆಚ್ಚಾಗಿರುತ್ತದೆ. ಪ್ಲಾಸ್ಮಾ ಶೇ. 40ರಿಂದ 50ರಷ್ಟು ಹೆಚ್ಚುತ್ತದೆ, ಕೆಂಪು ರಕ್ತಕಣಗಳೂ ಹೆಚ್ಚುತ್ತವೆ, ಆದರೆ ಅಷ್ಟು ಪ್ರಮಾಣದಲ್ಲಿ ಅಲ್ಲ. ನಿಮ್ಮ ಹಿಮೋಗ್ಲೋಬಿನ್ ಇಳಿದಂತೆ ಕಾಣುವುದಕ್ಕೆ ಈ ತೆಳುವಾಗುವಿಕೆಯೂ ಒಂದು ಕಾರಣ. ಆದರೂ ಅದು 11 ಗ್ರಾಂಗಿಂತ, ಬಸಿರಿನ ನಡುವಿನ ಮೂರು ತಿಂಗಳಲ್ಲಿ ಹತ್ತೂವರೆಗಿಂತ, ಕೆಳಗಿಳಿದರೆ ರಕ್ತಹೀನತೆ ಎಂದೇ ಪರಿಗಣಿಸಬೇಕು. ಕಬ್ಬಿಣದ ಮಾತ್ರೆಯನ್ನು ನಿಲ್ಲಿಸಬೇಡಿ.

ಇದೇ ವೇಳೆ ಮೂತ್ರಪಿಂಡಗಳಿಗೆ ಹರಿಯುವ ರಕ್ತ ಹೆಚ್ಚಿ, ಸೋಸುವಿಕೆ ಎರಡನೇ ತ್ರೈಮಾಸಿಕದ ಹೊತ್ತಿಗೆ ಶೇ. 50ರಷ್ಟು ಏರಿರುತ್ತದೆ. ಸ್ನಾಯುಗಳಿಂದ ಬರುವ ತ್ಯಾಜ್ಯವಾದ ಕ್ರಿಯಾಟಿನಿನ್ ಹೆಚ್ಚು ವೇಗದಲ್ಲಿ ಹೊರಹೋಗುವುದರಿಂದ ರಕ್ತದಲ್ಲಿ ಅದರ ಮಟ್ಟ ಅರ್ಧ ಮಿಲಿಗ್ರಾಂನ ಆಸುಪಾಸಿಗೆ ಇಳಿಯಬೇಕು. ಬಸುರಿಯಲ್ಲಿ 1.0 ಎಂದರೆ ಮೂತ್ರಪಿಂಡ ಆ ಏರಿಕೆಯನ್ನು ತೋರಿಸುತ್ತಿಲ್ಲ ಎಂದಾಗಬಹುದು, ಹಾಗಾಗಿ ಮರುಪರೀಕ್ಷೆ ಅಗತ್ಯ. ಇನ್ನೊಂದೆಡೆ, ಸೋಸಿ ಬರುವ ಗ್ಲೂಕೋಸನ್ನು ನಳಿಕೆಗಳು ಪೂರ್ತಿ ಹೀರಿಕೊಳ್ಳಲಾಗದೆ, ಮಧುಮೇಹವಿಲ್ಲದವರ ಮೂತ್ರದಲ್ಲೂ ಸ್ವಲ್ಪ ಸಕ್ಕರೆ ಕಾಣಿಸಬಹುದು. ಆದ್ದರಿಂದ ಬಸಿರಿನಲ್ಲಿ ಮಧುಮೇಹವನ್ನು ಮೂತ್ರದಿಂದಲ್ಲ, ರಕ್ತ ಪರೀಕ್ಷೆಯಿಂದ ತೀರ್ಮಾನಿಸುತ್ತಾರೆ.

ಸಾಂದ್ರತೆಯ ಲೆಕ್ಕವೂ ಬದಲಾಗುತ್ತದೆ ಎಂದೆ. ಬಸುರಿಯ ರಕ್ತ ಸುಮಾರು 10 ಮಿಲಿಆಸ್ಮೋಲ್‌ನಷ್ಟು ತೆಳುವಾಗಿ, ಸೋಡಿಯಂ ನಾಲ್ಕೈದು ಅಂಕ ಇಳಿದಿರುತ್ತದೆ. ಬೇರೆಯವರಾದರೆ ಅಷ್ಟು ತೆಳುವಾದ ರಕ್ತಕ್ಕೆ ಬಾಯಾರಿಕೆ ಪೂರ್ತಿ ಅಡಗಿ ನೀರೆಲ್ಲ ಹೊರಹೋಗುತ್ತಿತ್ತು. ಬಸುರಿಯಲ್ಲಿ ಹೈಪೋಥಲಾಮಸ್ ಆ ಕೆಳಮಟ್ಟವನ್ನೇ ಸರಿಯಾದದ್ದೆಂದು ಕಾಪಾಡುತ್ತದೆ.

ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ಸಹಜವೇ, ಆದರೆ ಉರಿ ಅಥವಾ ಜ್ವರ ಜೊತೆಗಿದ್ದರೆ ಅದು ಸೋಂಕು. ಬಸಿರಿನಲ್ಲಿ ಮೂತ್ರನಾಳಗಳು, ಅದರಲ್ಲೂ ಬಲಬದಿಯದು, ಹಿಗ್ಗಿ ಹರಿವು ನಿಧಾನವಾಗುವುದರಿಂದ ಮೂತ್ರಕೋಶದ ಸೋಂಕು ಸುಲಭವಾಗಿ ಮೂತ್ರಪಿಂಡಕ್ಕೆ ಏರುತ್ತದೆ. ಅದಕ್ಕಾಗಿಯೇ ಯಾವ ತೊಂದರೆ ಇಲ್ಲದಿದ್ದರೂ ಬಸುರಿಯರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡರೆ ಔಷಧಿ ಕೊಡುತ್ತಾರೆ.

ಪ್ರಶ್ನೆ: ಆರು ತಿಂಗಳಾದ ಮೇಲೆ ಕಾಲು ಊದಿಕೊಂಡಿದೆ. ಉಪ್ಪು ಬಿಡುವಂತೆ ಮನೆಯವರು ಹೇಳುತ್ತಾರೆ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಂಡರೆ ಹೇಗೆ?

ಉತ್ತರ: ಮಾತ್ರೆ ಬೇಡ. ಮೇಲೆ ಹೇಳಿದ ಹೆಚ್ಚಿನ ನೀರು ಮಗುವಿಗೆ ರಕ್ತ ಹರಿಸುವುದಕ್ಕಾಗಿಯೇ ಸಂಗ್ರಹವಾದದ್ದು. ಸಂಜೆ ಕಾಲು ಸ್ವಲ್ಪ ಊದುವುದು ಗರ್ಭಕೋಶ ದೊಡ್ಡ ಅಭಿಧಮನಿಗಳನ್ನು ಒತ್ತುವುದರಿಂದ. ಎಡಮಗ್ಗುಲಾಗಿ ಮಲಗಿ ಕಾಲನ್ನು ಎತ್ತರದಲ್ಲಿಟ್ಟರೆ ಬೆಳಗಿನ ಹೊತ್ತಿಗೆ ಅದು ಇಳಿಯುತ್ತದೆ. ಉಪ್ಪನ್ನು ಮಿತವಾಗಿ ತಿನ್ನುವುದು ಎಲ್ಲರಿಗೂ ಒಳ್ಳೆಯದೇ, ಆದರೆ ಪೂರ್ತಿ ಬಿಡುವುದರಿಂದ ಗರ್ಭನಂಜು ತಪ್ಪುವುದಿಲ್ಲ.

ಗರ್ಭನಂಜನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. 20 ವಾರಗಳ ನಂತರ ರಕ್ತದೊತ್ತಡ 140/90ಕ್ಕೆ ಏರಿ, ಮೂತ್ರದಲ್ಲಿ ಪ್ರೋಟೀನು ಹೋಗತೊಡಗುವುದು ಅದರ ಸಾಮಾನ್ಯ ಲಕ್ಷಣ. ಮಾಸಿನಿಂದ, ಅಂದರೆ ಪ್ಲಾಸೆಂಟಾದಿಂದ, ರಕ್ತಕ್ಕೆ ಸೇರುವ ಕೆಲವು ವಸ್ತುಗಳು ಮೂತ್ರಪಿಂಡದ ಸೋಸುವ ಲೋಮನಾಳಗಳ ಒಳಪದರವನ್ನು ಕೆಡಿಸುವುದರಿಂದ, ಒಳಗೇ ಉಳಿಯಬೇಕಾದ ಪ್ರೋಟೀನು ಸೋರಿಹೋಗುತ್ತದೆ. ಇಲ್ಲಿ ಮೈ ಊದಿದ್ದರೂ ರಕ್ತನಾಳಗಳೊಳಗಿನ ದ್ರವ ಸಾಮಾನ್ಯ ಬಸಿರಿಗಿಂತ ಕಡಿಮೆಯಿರುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ಅದನ್ನು ಇನ್ನೂ ಬತ್ತಿಸುತ್ತದೆ. ಬಿಡದ ತಲೆನೋವು, ಕಣ್ಣ ಮುಂದೆ ಮಿಂಚು, ಹೊಟ್ಟೆಯ ಬಲ ಮೇಲ್ಭಾಗದಲ್ಲಿ ನೋವು, ಮುಖ ಮತ್ತು ಕೈಗಳ ದಿಢೀರ್ ಊತ, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಗರ್ಭಜಲವೆಂದರೆ ಮಗುವಿನ ಮೂತ್ರ ಎಂದು ಕೇಳಿ ಹೇಸಿಗೆಯೆನಿಸಿತು. ನಿಜವೇ? ಅದನ್ನೇ ಮಗು ಕುಡಿಯುತ್ತದೆಯೇ?

ಉತ್ತರ: ಎರಡೂ ನಿಜ, ಹೇಸಿಗೆ ಮಾತ್ರ ಅನಗತ್ಯ. ಮೊದಲ ತಿಂಗಳುಗಳಲ್ಲಿ ಆ ದ್ರವ ಮುಖ್ಯವಾಗಿ ಪೊರೆಗಳ ಮೂಲಕ ಬರುತ್ತದೆ. ಸುಮಾರು 16 ವಾರಗಳ ನಂತರ ಅದರ ಬಹುಪಾಲು ಮಗುವಿನ ಮೂತ್ರವೇ, ಶ್ವಾಸಕೋಶಗಳಿಂದ ಬರುವ ದ್ರವವೂ ಒಂದಷ್ಟು ಸೇರುತ್ತದೆ. ಆದರೆ ನಾವು ಮೂತ್ರವೆಂದಾಗ ನೆನೆಯುವ ತ್ಯಾಜ್ಯ ಅದರಲ್ಲಿ ಅತ್ಯಲ್ಪ. ಗರ್ಭದಲ್ಲಿ ಯೂರಿಯಾ, ಕ್ರಿಯಾಟಿನಿನ್ ಮುಂತಾದವನ್ನು ಹೊರಹಾಕುವುದು ಮಗುವಿನ ಮೂತ್ರಪಿಂಡವಲ್ಲ, ಮಾಸು. ಅವು ಮಾಸಿನ ಮೂಲಕ ತಾಯಿಯ ರಕ್ತಕ್ಕೆ ಹೋಗಿ ತಾಯಿಯ ಮೂತ್ರಪಿಂಡಗಳಿಂದ ಹೊರಬೀಳುತ್ತವೆ. ಹಾಗಾಗಿಯೇ ಎರಡೂ ಮೂತ್ರಪಿಂಡಗಳಿಲ್ಲದ ಮಗುವಿನ ಕ್ರಿಯಾಟಿನಿನ್ ಕೂಡ ಹುಟ್ಟಿದ ಗಳಿಗೆಯಲ್ಲಿ ತಾಯಿಯದರಷ್ಟೇ ಇರುತ್ತದೆ.

ಹಾಗಾದರೆ ಗರ್ಭದಲ್ಲಿ ಮಗುವಿನ ಮೂತ್ರಪಿಂಡಕ್ಕೆ ಏನು ಕೆಲಸ ಎಂದು ಕೇಳಬಹುದು. ನೀರು ಒದಗಿಸುವುದೇ ಅದರ ಕೆಲಸ. ಮಗು ಮೂತ್ರ ಮಾಡುತ್ತದೆ, ನುಂಗುತ್ತದೆ, ನುಂಗಿದ್ದು ಕರುಳಿನಿಂದ ರಕ್ತಕ್ಕೆ ಸೇರಿ ಮತ್ತೆ ಮೂತ್ರವಾಗುತ್ತದೆ. ಈ ಸುತ್ತಿನಿಂದ ಎಂಟನೇ ತಿಂಗಳ ಹೊತ್ತಿಗೆ ಸುಮಾರು 800 ಮಿಲಿಲೀಟರ್ ದ್ರವ ಮಗುವಿನ ಸುತ್ತ ಇರುತ್ತದೆ. ನುಂಗುವ ದಾರಿ ಮುಚ್ಚಿದ್ದರೆ ಗರ್ಭಜಲ ಅತಿಯಾಗುತ್ತದೆ, ಮೂತ್ರ ಬರದಿದ್ದರೆ ಬತ್ತುತ್ತದೆ. ಬತ್ತಿದಾಗ ಆಗುವ ದೊಡ್ಡ ಹಾನಿ ಶ್ವಾಸಕೋಶಗಳಿಗೆ: ದ್ರವ ತುಂಬಿ ಹಿಗ್ಗದೆ ಅವು ಬೆಳೆಯುವುದಿಲ್ಲ. ಮೂತ್ರಪಿಂಡಗಳಿಲ್ಲದೆ ಹುಟ್ಟಿದ ಮಕ್ಕಳು ಉಸಿರಾಡಲಾಗದೆ ತೀರಿಕೊಳ್ಳುವುದನ್ನೂ, ಅವುಗಳ ಮುಖದ ವಿಶಿಷ್ಟ ಚಹರೆಯನ್ನೂ ಅಮೆರಿಕದ ರೋಗಶಾಸ್ತ್ರಜ್ಞೆ ಎಡಿತ್ ಪಾಟರ್ 1946ರಲ್ಲಿ ವಿವರಿಸಿದರು. ಬಸುರಿಯರಿಗೆ ಕೆಲವು ರಕ್ತದೊತ್ತಡದ ಮಾತ್ರೆಗಳನ್ನು, ಮುಖ್ಯವಾಗಿ ಎನಲಾಪ್ರಿಲ್ ಮತ್ತು ಟೆಲ್ಮಿಸಾರ್ಟಾನ್ ವರ್ಗದವನ್ನು, ಕೊಡಬಾರದೆನ್ನುವುದೂ ಇದೇ ಕಾರಣಕ್ಕೆ. ಅವು ಮಗುವಿನ ಮೂತ್ರಪಿಂಡವನ್ನು ಕುಗ್ಗಿಸಿ ಗರ್ಭಜಲವನ್ನು ಬತ್ತಿಸುತ್ತವೆ.

ಪ್ರಶ್ನೆ: ಬೇಸಗೆಯಲ್ಲಿ ಮೂರು ತಿಂಗಳ ಕೂಸಿಗೆ ಎದೆಹಾಲಿನ ಜೊತೆ ನೀರು ಕುಡಿಸಬೇಕೇ?

ಉತ್ತರ: ಬೇಡ. ಎದೆಹಾಲಿನ ಶೇ. 87ರಷ್ಟು ನೀರೇ. ಎಳೆಯ ಮೂತ್ರಪಿಂಡ ದೊಡ್ಡವರದರಂತೆ ಮೂತ್ರವನ್ನು ಗಟ್ಟಿ ಮಾಡಲಾರದು, ಹೆಚ್ಚಿನ ನೀರನ್ನು ಬೇಗನೆ ಹೊರಹಾಕಲೂ ಆರದು. ಬರಿ ನೀರು ಕುಡಿಸಿದರೆ ಹೊಟ್ಟೆ ತುಂಬಿ ಹಾಲು ಕಡಿಮೆಯಾಗುತ್ತದೆ, ಅತಿಯಾದರೆ ಸೋಡಿಯಂ ಇಳಿದು ಫಿಟ್ಸ್ ಕೂಡ ಬರಬಹುದು. ಆರು ತಿಂಗಳವರೆಗೆ ಎದೆಹಾಲು ಮಾತ್ರ ಸಾಕು. ಸೆಕೆ ಹೆಚ್ಚಿದ್ದರೆ ಹೆಚ್ಚು ಸಲ ಹಾಲೂಡಿಸಿ.

ಪ್ರಶ್ನೆ: ತಂಗಿಗೆ ಎರಡು ವರ್ಷದ ಹಿಂದೆ ಮೂತ್ರಪಿಂಡದ ಕಸಿಯಾಗಿದೆ. ಡಯಾಲಿಸಿಸ್‌ನಲ್ಲಿದ್ದಾಗ ನಿಂತಿದ್ದ ಮುಟ್ಟು ಈಗ ಮರಳಿದೆ. ಅವಳು ತಾಯಿಯಾಗಬಹುದೇ?

ಉತ್ತರ: ಆಗಬಹುದು, ಆದರೆ ಮೊದಲೇ ಯೋಜಿಸಿಕೊಂಡು. ಮೂತ್ರಪಿಂಡ ಸೋತಾಗ ಪಿಟ್ಯುಟರಿಯ ಹಾರ್ಮೋನುಗಳ ಲಯ ತಪ್ಪಿ, ಪ್ರೊಲ್ಯಾಕ್ಟಿನ್ ಏರಿ, ಅಂಡ ಬಿಡುಗಡೆಯಾಗುವುದು ನಿಂತುಹೋಗುತ್ತದೆ. ಕಸಿಯಾದ ಕೆಲವೇ ತಿಂಗಳಲ್ಲಿ ಅದು ಮರಳುವುದರಿಂದ, ಮುಟ್ಟು ಕಾಣುವ ಮೊದಲೇ ಬಸಿರು ನಿಲ್ಲುವ ಸಾಧ್ಯತೆಯೂ ಇದೆ. ಮೂತ್ರಪಿಂಡದ ಮೊದಲ ಯಶಸ್ವಿ ಕಸಿ 1954ರಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಮತ್ತು ಸಂಗಡಿಗರಿಂದ ಅವಳಿಗಳ ನಡುವೆ ನಡೆಯಿತು. 1956ರಲ್ಲಿ ತನ್ನ ಅವಳಿ ಸೋದರಿಯಿಂದ ಮೂತ್ರಪಿಂಡ ಪಡೆದ ಮಹಿಳೆಯೊಬ್ಬರು 1958ರಲ್ಲಿ ಆರೋಗ್ಯವಂತ ಮಗುವಿಗೆ ಜನ್ಮ ಕೊಟ್ಟರು. ಕಿಬ್ಬೊಟ್ಟೆಯಲ್ಲಿ ಕೂರಿಸಿದ ಆ ಒಂದೇ ಮೂತ್ರಪಿಂಡವೂ ಬಸಿರಿನಲ್ಲಿ ತನ್ನ ಸೋಸುವಿಕೆಯನ್ನು ಏರಿಸಿಕೊಳ್ಳಬಲ್ಲದು.

ಕಸಿಯಾಗಿ ಕನಿಷ್ಠ ಒಂದು ವರ್ಷ ಕಳೆದಿರಬೇಕು, ಮೂತ್ರಪಿಂಡ ಸ್ಥಿರವಾಗಿ ಕೆಲಸ ಮಾಡುತ್ತಿರಬೇಕು, ರಕ್ತದೊತ್ತಡ ಹತೋಟಿಯಲ್ಲಿರಬೇಕು, ಮೂತ್ರದಲ್ಲಿ ಪ್ರೋಟೀನು ಹೆಚ್ಚಿರಬಾರದು. ಔಷಧಿಗಳ ವಿಷಯ ಎಲ್ಲಕ್ಕಿಂತ ಮುಖ್ಯ. ಕಸಿಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಮೈಕೋಫಿನೊಲೇಟ್ ಭ್ರೂಣಕ್ಕೆ ಹಾನಿ ಮಾಡುವುದರಿಂದ ಬಸಿರಿಗೆ ಕನಿಷ್ಠ ಆರು ವಾರ ಮೊದಲೇ ಅದನ್ನು ನಿಲ್ಲಿಸಿ ಸಾಮಾನ್ಯವಾಗಿ ಅಜಥಯೋಪ್ರಿನ್‌ಗೆ ಬದಲಾಯಿಸುತ್ತಾರೆ. ಅದನ್ನು ತಾನಾಗಿಯೇ ನಿಲ್ಲಿಸಿದರೆ ಕಸಿಮಾಡಿದ ಅಂಗ ತಿರಸ್ಕೃತವಾಗಬಹುದು, ಆದ್ದರಿಂದ ಕಸಿ ವೈದ್ಯರ ನಿಗಾದಲ್ಲಿಯೇ ಈ ಬದಲಾವಣೆ ಆಗಬೇಕು. ಗರ್ಭನಂಜು ಮತ್ತು ಅವಧಿಗೆ ಮುಂಚಿನ ಹೆರಿಗೆ ಇಂಥವರಲ್ಲಿ ಇತರರಿಗಿಂತ ಹೆಚ್ಚು. ಬಸಿರಿನುದ್ದಕ್ಕೂ ಕಸಿ ವೈದ್ಯರು ಮತ್ತು ಪ್ರಸೂತಿ ತಜ್ಞರು ಇಬ್ಬರ ಬಳಿಯೂ ತಪಾಸಣೆ ನಡೆಯಬೇಕು. ತಂಗಿಗೆ ಸದ್ಯಕ್ಕೆ ಬಸಿರು ಬೇಡವೆಂದಿದ್ದರೆ, ಮುಟ್ಟು ಮರಳಿರುವುದರಿಂದ, ಗರ್ಭನಿರೋಧಕದ ಬಗ್ಗೆ ಮುಂದಿನ ಭೇಟಿಯಲ್ಲಿಯೇ ಕೇಳುವುದು ಒಳ್ಳೆಯದು.